ಹೊಲಿಗೆ ದಾಟದ ಸರ್ಪ

ಸೌಮ್ಯಳ ಹೊಟ್ಟೆಯ ಮೇಲೆ ಎರಡು ಬಣ್ಣದ ಚರ್ಮವಿತ್ತು. ಪಕ್ಕೆಗಳ ಕಡೆ ಅವಳದೇ ಗೋಧಿ ಬಣ್ಣ. ನಡುವೆ, ಹೊಕ್ಕಳನ್ನೂ ಸೇರಿಸಿಕೊಂಡು ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ, ಸ್ವಲ್ಪ ಕಪ್ಪು ಹೆಚ್ಚಿದ ಬೇರೊಬ್ಬರ ಚರ್ಮ. ಎರಡೂ ಕೂಡುವಲ್ಲಿ ಹೊಲಿಗೆಯ ಗೆರೆ ರೊಟ್ಟಿಯಂಚಿನ ಹಾಗೆ ಕೊಂಚ ಉಬ್ಬಿಕೊಂಡು ಸುತ್ತ ಬಂದಿತ್ತು. ಚರ್ಮವೊಂದೇ ಅಲ್ಲ, ಅದರಡಿಯ ಮಾಂಸವೂ, ಇನ್ನೂ ಒಳಗಿನ ಕರುಳೂ ಅದೇ ಒಬ್ಬರದು. ಯಾರದು ಎಂದು ಬೆಂಗಳೂರಿನ ಆಸ್ಪತ್ರೆಯವರು ಹೇಳಲಿಲ್ಲ. ಹೇಳುವಂತಿಲ್ಲವಂತೆ. ಮೆದುಳು ಸತ್ತು ಯಂತ್ರದ ಉಸಿರಿನ ಮೇಲಿದ್ದ ಯಾರದೋ ಅಂಗಗಳನ್ನು ಅವರ ಮನೆಯವರು ಕೊಡಲು ಒಪ್ಪಿದ್ದರು, ಅಷ್ಟೇ ಗೊತ್ತು.

ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಎರಡನೇ ವರ್ಷ ಅವಳ ಕರುಳು ತಿರುಚಿಕೊಂಡು ಒಳಗೇ ಕೊಳೆತಿತ್ತು. ಕೊಳೆತಷ್ಟನ್ನು ಕತ್ತರಿಸಿ ತೆಗೆದರು. ಮತ್ತೆ ಕೀವಾಯಿತು, ಮತ್ತೆ ಕೊಯ್ದರು. ಕೊಯ್ದು ಕೊಯ್ದು ಕೊನೆಗೆ ಹೊಟ್ಟೆ ಮುಚ್ಚಲು ಸಾಕಾಗುವಷ್ಟು ಗಟ್ಟಿ ಚರ್ಮವೇ ಉಳಿಯಲಿಲ್ಲ. ಚರ್ಮದ ಬದಲು ಪ್ಲಾಸ್ಟಿಕ್ ಜಾಲರಿ ಇಟ್ಟು ನೋಡಿದರೆ ಅದೂ ಹಿಡಿಯಲಿಲ್ಲ. ಬಾಯಿಯ ಊಟ ನಿಂತು, ಕತ್ತಿನ ನರಕ್ಕೆ ಹಾಕಿದ ಕೊಳವೆಯಿಂದ ಬದುಕುವಂತಾಯಿತು. ಬೇರೆಯವರ ಕರುಳು ಹಾಕಿದರೂ ಮೇಲೆ ಮುಚ್ಚಲು ಹೊಟ್ಟೆಗೊಂದು ಗೋಡೆ ಬೇಡವೇ? ಅದಕ್ಕೇ ಗೋಡೆಯನ್ನೂ ಕರುಳನ್ನೂ ಒಟ್ಟಿಗೆ ತಂದು ಕೂರಿಸಿದ್ದರು.

ಆ ಕೆಟ್ಟ ದಿನಗಳಲ್ಲಿ ಅವಳ ಮಗ್ಗುಲು ಬದಲಿಸಿದವಳು, ಕೀವಿನ ಬಟ್ಟೆ ಒಗೆದವಳು ಅತ್ತೆ ಪ್ರೇಮಮ್ಮ. "ಸೊಸೇನ ತೌರಿಗೆ ಕಳ್ಸು, ಮಗನಿಗೆ ಇನ್ನೊಂದು ನೋಡು" ಅಂದ ನೆಂಟರಿಗೆ, "ನಿಮ್ಮನೆ ಎಮ್ಮೆ ಕಾಲು ಮುರ್ಕಂಡ್ರೆ ಸಂತೆಗೆ ಹೊಡೀತೀರೇನೋ, ನಮ್ಮನೇಲಿ ಆ ರೂಢಿ ಇಲ್ಲ" ಅಂದು ಕಾಫಿಯನ್ನೂ ಕೊಡದೆ ಕಳಿಸಿದವಳು. ಅಂಥ ಅತ್ತೆಯ ಎದುರು ಇಲ್ಲ ಅನ್ನುವುದು ಸೌಮ್ಯಳಿಗೆ ಅಭ್ಯಾಸವಿರಲಿಲ್ಲ. ಮೊದಲೇ ಮಾತು ಕಮ್ಮಿಯ ಹುಡುಗಿ. ಬಳೆ ಅಂಗಡಿಯಲ್ಲಿ ತನ್ನ ಅಳತೆ ಹೇಳಲೂ ಅತ್ತೆಯ ಮುಖ ನೋಡುತ್ತಿದ್ದಳು.

ಆಸ್ಪತ್ರೆಯಿಂದ ಕಳಿಸುವಾಗ ಶ್ರುತಿ ಅನ್ನುವ ಸಿಸ್ಟರ್ ಅವಳನ್ನು ಕೂರಿಸಿಕೊಂಡು ಹೇಳಿದ್ದಳು. "ಒಳಗಿನ ಕರುಳು ಯಾರ ಕಣ್ಣಿಗೂ ಕಾಣಲ್ಲ. ಈ ಚರ್ಮ ಕಾಣುತ್ತೆ. ನಿಮ್ಮ ಮೈ ಇದನ್ನ ನಂದಲ್ಲ ಅಂತ ತಿರುಗಿಬಿದ್ರೆ, ಸಾಮಾನ್ಯವಾಗಿ ಚರ್ಮದ ಮೇಲೆ ಮೊದಲು ಕೆಂಪು ಚುಕ್ಕಿ ಬರುತ್ತೆ. ಬಂದ ದಿನವೇ ಫೋನ್ ಮಾಡಿ. ನಾಳೆ ಅನ್ನಬೇಡಿ."

ಬಗ್ಗಿ ನೋಡಿದರೆ ಹೊಕ್ಕಳ ಕೆಳಗಿನ ಭಾಗ ಸೌಮ್ಯಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಸ್ನಾನವಾದ ಮೇಲೆ ನೋಡುವ ಕೆಲಸ ಪ್ರೇಮಮ್ಮನದು. ಕಿಟಕಿಯ ಬೆಳಕಿಗೆ ಸೊಸೆಯನ್ನು ನಿಲ್ಲಿಸಿ, ಕನ್ನಡಕ ಏರಿಸಿ, ಅಕ್ಕಿ ಆರಿಸುವವಳ ಹಾಗೆ ನೋಡುತ್ತಿದ್ದಳು.

ಆ ದಿನ ನೋಡುತ್ತ ನೋಡುತ್ತ ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದಳು.

"ಏನತ್ತೆ?"

"ಏನಿಲ್ಲ. ಅಲುಗ್ಬೇಡ."

ಸೌಮ್ಯ ಗೂಡಿನಲ್ಲಿದ್ದ ಕೈಗನ್ನಡಿ ತೆಗೆದು ಹೊಟ್ಟೆಯ ಕೆಳಗೆ ಹಿಡಿದಳು. ಹೊಲಿಗೆಯ ಗೆರೆಯ ಬದಿಗೇ ಕೆಂಪು ಚುಕ್ಕಿಗಳು ಎದ್ದಿದ್ದವು. ಗೆರೆಯ ಜೊತೆಗೇ ಸುತ್ತ ಹೋಗಿ, ಎಡಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ನಿಂತಿದ್ದವು.

"ಸಿಸ್ಟರ್ ಹೇಳಿದ್ದು ಇದೇ ಇರ್ಬೇಕು ಅತ್ತೆ. ಫೋನ್ ಮಾಡ್ತೀನಿ."

"ಸುಮ್ನಿರೇ. ಇದು ಸರ್ಪಸುತ್ತು. ನಂಗೆ ಬಂದಿರ್ಲಿಲ್ವಾ ಸೊಂಟಕ್ಕೆ? ಹಿಂಗೇ ಚುಕ್ಕಿ ಚುಕ್ಕಿ ಎದ್ದಿದ್ದು. ಆಸ್ಪತ್ರೆಯೋರಿಗೆ ಹೇಳಿದ್ರೆ ಬನ್ನಿ ಅಂತಾರೆ, ಹೋದ್ರೆ ತಿಂಗಳು ಮಲಗಿಸ್ತಾರೆ. ಅಷ್ಟ್ರಲ್ಲಿ ತಲೆ ಬಾಲ ಕೂಡ್ಕಂಡ್ರೆ?"

ಸರ್ಪಸುತ್ತು ಮೈ ಬಳಸಿಕೊಂಡು ಹರಿಯುತ್ತದೆ, ಅದರ ತಲೆ ಬಾಲವನ್ನು ಮುಟ್ಟಿದ ದಿನ ಮನುಷ್ಯ ಉಳಿಯುವುದಿಲ್ಲ ಎಂದು ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಗಟಿಯಲ್ಲಿದ್ದ ಪ್ರೇಮಮ್ಮನ ಚಿಕ್ಕಪ್ಪ ಹಾಗೇ ಹೋದನೆಂದು ಅವಳ ನಂಬಿಕೆ. ಈಗ ಸೊಸೆಯ ಹೊಟ್ಟೆಯ ಮೇಲೆ ತಲೆಗೂ ಬಾಲಕ್ಕೂ ನಾಲ್ಕು ಬೆರಳು ದೂರ. ಅವಳು ಸೊಸೆಯ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಹಿಡಿತಕ್ಕೇ ಸೌಮ್ಯ ಫೋನನ್ನು ಕೆಳಗಿಟ್ಟಳು.

ಪ್ರೇಮಮ್ಮ ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನದ ತರೀಕೆರೆ ಬಸ್ಸಿಗೆ ಕಲ್ಲಮ್ಮ ಬಂದಿಳಿದಳು. ಕುಂಬಾರರ ಮನೆಯ ಮುದುಕಿ. ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದರಲ್ಲಿ ಎತ್ತಿದ ಕೈ. ಪ್ರೇಮಮ್ಮನ ಸೊಂಟಕ್ಕೆ ಬರೆದವಳೂ ಅವಳೇ.

"ಎಲ್ಲವ್ವ, ನಿನ್ನ ಹಾವು ತೋರ್ಸು ನೋಡಣ," ಅಂದವಳು, ಸೆರಗು ಸರಿಸುತ್ತಲೇ ಕೆನ್ನೆಗೆ ಕೈ ಇಟ್ಟಳು. "ಇದೇನವ್ವ ಇದು, ಸೀರೆಗೆ ತೇಪೆ ಹಾಕ್ದಂಗೈತೆ."

ಸೌಮ್ಯ ಸೆರಗು ಎಳೆದುಕೊಂಡಳು.

"ನಾಚ್ಕಬೇಡ ಕಣವ್ವ. ಹೊಟ್ಟೆ ಅಂದ್ಮೇಲೆ ಹೊಟ್ಟೆ. ನಂದು ನೋಡಿದ್ರೆ ನಗ್ತೀಯ, ಏಳು ಹೆತ್ತಿರೋ ಹೊಟ್ಟೆ, ಸೋರೆಬುರುಡೆ ಒಣಗಾಕ್ದಂಗೈತೆ." ಹೀಗೆ ನಗಿಸುತ್ತಲೇ ಮುದುಕಿ ಬಟ್ಟಲಲ್ಲಿ ಮಣ್ಣು ಕಲೆಸಿದಳು, ಗರಿಕೆಯ ಕಟ್ಟಿನಿಂದ ಬಳಿದಳು, ತಲೆ ಎಂದು ತಾನು ಗೊತ್ತು ಮಾಡಿದ ಕಡೆ ಬೆರಳಲ್ಲಿ ಅಡ್ಡಗೆರೆ ಎಳೆದಳು. ಬಾಯಲ್ಲಿ ಮಂತ್ರ ನಡೆದೇ ಇತ್ತು. ಮಣ್ಣು ತಣ್ಣಗೆ ಹಿತವಾಗಿತ್ತು. ಅದನ್ನೂ ಹೇಳಬೇಕು.

"ಮೂರು ದಿನ ನೀರು ತಾಗಿಸ್ಬೇಡ. ಬೀದಿ ಹೊಸ್ತಿಲು ದಾಟ್ಬೇಡ. ಇಂಗ್ಲಿಷ್ ಔಷ್ದಿ ಮುಟ್ಬೇಡ," ಅಂದಳು ಕಲ್ಲಮ್ಮ ಕೈ ತೊಳೆಯುತ್ತ.

"ಮಾತ್ರೆ ಬಿಡಲ್ಲ," ಅಂದಳು ಸೌಮ್ಯ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳಿಗೇ ತನ್ನ ದನಿ ಕೇಳಿ ಕಿವಿ ಬಿಸಿಯಾಯಿತು.

"ಅದು ಬಿಟ್ರೆ ಈ ಹೊಟ್ಟೆ ನಿಲ್ಲಲ್ಲ. ಬೆಳಗ್ಗೆದು, ಸಂಜೆದು, ಎರಡೂ ನುಂಗ್ತೀನಿ."

"ಗುಬ್ಬಿ ಅಂದ್ಕಂಡಿದ್ದೆ, ಕೊಕ್ಕೈತೆ," ಅಂದು ಕಲ್ಲಮ್ಮ ನಕ್ಕಳು. "ಹೋಗ್ಲಿ ಪ್ರೇಮವ್ವ, ಮಾತ್ರೆ ನುಂಗ್ಲಿ. ಮಿಕ್ಕಿದ್ದು ತಪ್ಪಬಾರ್ದು."

ಒಂದು ಮಾತಲ್ಲಿ ಗೆದ್ದಿದ್ದಕ್ಕೇ ಸೌಮ್ಯಳಿಗೆ ಇನ್ನೊಂದು ಮಾತಿಗೆ ಬಾಯಿ ಬರಲಿಲ್ಲ. ಗಂಡ ರೇಣುಕಪ್ರಸಾದ್ ಗೂಡ್ಸ್ ಟೆಂಪೋ ಓಡಿಸುವವನು. ತೆಂಗಿನಕಾಯಿ ತುಂಬಿಕೊಂಡು ಊರೂರು ಸುತ್ತಿ ಸಂಜೆ ಬಂದವನು, "ಅವ್ವಂಗೆ ಇದ್ರಲ್ಲೆಲ್ಲಾ ಗೊತ್ತಿರುತ್ತೆ ಬಿಡು" ಅಂದು ಉಂಡು ಮಲಗಿದ.

ಮಾರನೆಯ ಬೆಳಗ್ಗೆ ಪ್ರೇಮಮ್ಮ ಸೊಸೆಯನ್ನು ಕಿಟಕಿಯ ಹತ್ತಿರ ಕರೆಯಲಿಲ್ಲ. ಕರೆದು ನೋಡುವುದೇನು? ಮಣ್ಣು ಒಣಗಿ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಅದರಡಿ ಏನಾಗುತ್ತಿದೆಯೋ ಯಾರಿಗೂ ಕಾಣುವಂತಿರಲಿಲ್ಲ. ಸೌಮ್ಯಳಿಗೆ ಏಳುವಾಗಲೇ ಹೊಟ್ಟೆ ಹಿಂಡುತ್ತಿತ್ತು. ಬೆಳಗಿನಿಂದ ಮತ್ತೆ ಮತ್ತೆ ಹಿತ್ತಲ ಕಡೆ ಓಡಿದ್ದಳು, ಬರೀ ನೀರು. ಗಂಡ ಆಗಲೇ ಕಡೂರಿಗೆ ಲೋಡು ಒಯ್ದಿದ್ದ. ಅವಳು ಬಾವಿಕಟ್ಟೆಯ ಮೇಲೆ ಕೂತು ಯೋಚಿಸಿದಳು. ಚರ್ಮ ನೋಡಿ ಕರುಳಿನ ಸುದ್ದಿ ತಿಳಿಯಬೇಕು ಅಂದಿದ್ದರು. ಈಗ ಆ ಚರ್ಮವನ್ನೇ ತಾವು ಮುಚ್ಚಿ ಕೂತಿದ್ದಾರೆ. ಇನ್ನೂ ಎರಡು ದಿನ ಮುಚ್ಚಿರಬೇಕಂತೆ.

ಪ್ರೇಮಮ್ಮ ಲಿಂಗಪೂಜೆಗೆ ಕೂತಿದ್ದಳು. ಸೌಮ್ಯ ಹಿತ್ತಲಿಂದ ಫೋನ್ ಮಾಡಿದಳು.

"ಚುಕ್ಕಿ ಯಾವಾಗ ಬಂತು?" ಶ್ರುತಿಯ ದನಿ ಚುರುಕಾಯಿತು.

"ನಿನ್ನೆ ಬೆಳಗ್ಗೆ ಸಿಸ್ಟರ್."

"ನಿನ್ನೆಯೇ ಯಾಕೆ ಹೇಳ್ಲಿಲ್ಲ? ಫೋಟೋ ಕಳ್ಸಿ ಈಗ."

"ಕಾಣಲ್ಲ ಸಿಸ್ಟರ್. ಮೇಲೆ ಕೆಮ್ಮಣ್ಣು ಬಳಿದೀವಿ. ಸರ್ಪಸುತ್ತು ಅಂತ."

"ಸೌಮ್ಯ, ಆ ಮಾತ್ರೆಗಳಿಂದ ನಿಮ್ಮ ಮೈಗೆ ಈಗ ಸೋಂಕು ತಡೆಯೋ ಶಕ್ತಿ ಇಲ್ಲ. ಮಣ್ಣಂತೂ ಬೇಡವೇ ಬೇಡ. ಕಾಯಿಸಿ ಆರಿಸಿದ ನೀರಲ್ಲಿ ಮೆಲ್ಲಗೆ ತೊಳೆದು ಫೋಟೋ ಕಳ್ಸಿ. ಡಾಕ್ಟ್ರಿಗೆ ತೋರಿಸ್ತೀನಿ."

"ಡಾಕ್ಟ್ರು ನೋಡ್ತಾರಾ?"

"ಮತ್ತೆ? ಆಪರೇಷನ್ ಏನು ಕಣ್ಣು ಮುಚ್ಕೊಂಡು ಮಾಡಿದ್ರಾ?"

ಸೌಮ್ಯಳಿಗೆ ನಗು ಬಂತು, ನಗು ಬಂದಿದ್ದಕ್ಕೆ ಅಳುವೂ ಬಂತು. ಅತ್ತೆ ಪೂಜೆ ಮುಗಿಸುವುದರೊಳಗೆ ತೊಳೆದುಬಿಡಬಹುದಿತ್ತು. ಬಚ್ಚಲಲ್ಲಿ ಕಾಯಿಸಿದ ನೀರು ಆರಿತ್ತು. ಆದರೆ ತನ್ನ ಕೀವಿನ ಬಟ್ಟೆ ಒಗೆದವಳ ಕಣ್ಣು ತಪ್ಪಿಸಿ ಈ ಕೆಲಸ ಮಾಡಲಾರೆ ಅನಿಸಿತು. ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಪ್ರೇಮಮ್ಮ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಏಳುವವರೆಗೂ ನಿಂತೇ ಇದ್ದಳು.

"ಅತ್ತೆ, ಮಣ್ಣು ತೊಳೀತೀನಿ."

"ತಲೆ ಕೆಟ್ಟಿದ್ಯಾ? ತೊಳೆದ್ರೆ ಅದು ಕೆರಳುತ್ತೆ."

"ಬೆಳಗಿಂದ ಹೊಟ್ಟೆ ಹಿಂಡ್ತಾ ಐತೆ. ಸಿಸ್ಟರಿಗೆ ಫೋನ್ ಮಾಡ್ದೆ. ತೊಳೆದು ತೋರ್ಸಿ ಅಂದ್ರು."

"ನಂಗೆ ಹೇಳ್ದೆ ಮಾಡಿದ್ಯಾ?"

"ಮಾಡಿದ್ದು ಹೇಳ್ತಾ ಇದೀನಲ್ಲ." ಸೌಮ್ಯಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. "ನಿನ್ನೆ ಚುಕ್ಕಿ ಮೊದಲು ನೋಡಿದ್ದು ನೀವು. ಎಲ್ಲಿತ್ತು ಹೇಳಿ, ಹೊಲಿಗೆ ಒಳಗೋ, ಆಚೆಗೋ?"

"ಎಲ್ಲಿದ್ರೇನು?"

"ಹೇಳಿ ಅತ್ತೆ."

ಪ್ರೇಮಮ್ಮ ನೆನಪು ಮಾಡಿಕೊಂಡಳು. ನೋಡುವುದರಲ್ಲಿ ಅವಳು ಸುಳ್ಳು ಹೇಳುವವಳಲ್ಲ. "ಒಳಗೆ."

"ಆಚೆ ಒಂದಾದ್ರೂ ಇತ್ತಾ?"

"ಇರ್ಲಿಲ್ಲ."

"ನಿಮ್ಮ ಸೊಂಟಕ್ಕೆ ಬಂದಾಗ ಅದು ಎಲ್ಲಿ ಬೇಕಾದ್ರೂ ಹರೀತು. ಇದು ಹೊಲಿಗೆ ಹತ್ರ ಬಂದು ಹೊಲಿಗೆ ಹಿಡ್ಕಂಡೇ ತಿರುಗೈತೆ. ಹಾವಿಗೆ ಹೊಲಿಗೆ ಹೆಂಗೆ ಗೊತ್ತಾಗುತ್ತೆ? ಯಾವ್ದು ನನ್ನ ಚರ್ಮ, ಯಾವ್ದು ಅವರದು ಅಂತ ಹಾವು ಯಾಕೆ ನೋಡುತ್ತೆ? ಅದನ್ನ ನೋಡೋದು ನನ್ನ ಮೈ. ನನ್ನ ಮೈಯೇ ಅದನ್ನ ಬೇಡ ಅಂತಿರೋದು."

ಮದುವೆಯಾದಾಗಿನಿಂದ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಪ್ರೇಮಮ್ಮ ಕೇಳಿರಲಿಲ್ಲ.

"ತೊಳೆದ ಮೇಲೆ ನಿಂಗೇನಾದ್ರೂ ಆದ್ರೆ? ನನ್ನ ಮಗನಿಗೆ ಏನು ಹೇಳ್ಲಿ ನಾನು?"

"ತೊಳೆದು ಸತ್ರೆ ನನ್ನ ತಪ್ಪು ಅನ್ನಿ. ತೊಳೀದೆ ಸತ್ರೆ ಯಾರ ತಪ್ಪು ಅಂತೀರಾ?"

"ದೇವರ ಮುಂದೆ ನಿಂತ್ಕಂಡು ಸಾವಿನ ಮಾತಾಡ್ಬೇಡ," ಅಂದು ಪ್ರೇಮಮ್ಮ ಅವಳನ್ನು ದಾಟಿ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಬೆನ್ನು ಹಾಕಿ ಕೂತಳು.

ಸೌಮ್ಯ ಬಚ್ಚಲ ಬಾಗಿಲು ಹಾಕಿಕೊಂಡಳು. ಹಳೆಯ ಹತ್ತಿ ಬಟ್ಟೆ ಅದ್ದಿ ಮಣ್ಣಿನ ಮೇಲೆ ಇಟ್ಟು, ಅದು ನೆನೆಯುವವರೆಗೂ ಕಾದಳು. ಉಜ್ಜಲಿಲ್ಲ. ಕೆಂಪು ನೀರು ತೊಡೆಯ ಮೇಲಿಂದ ಇಳಿದು ಬಚ್ಚಲ ಕಲ್ಲಿನ ಮೇಲೆ ಹರಿಯಿತು. ಪೂರಾ ಹೋದ ಮೇಲೆ ಕನ್ನಡಿ ಹಿಡಿದಳು.

ಚುಕ್ಕಿಗಳು ಈಗ ಚುಕ್ಕಿಗಳಾಗಿರಲಿಲ್ಲ. ಒಂದಕ್ಕೊಂದು ಕೂಡಿಕೊಂಡು ಪಟ್ಟೆಯಾಗಿದ್ದವು. ಎಡಗಡೆ ನಿನ್ನೆ ಖಾಲಿಯಿದ್ದ ನಾಲ್ಕು ಬೆರಳ ಜಾಗವೂ ತುಂಬಿ, ಸುತ್ತು ಮುಚ್ಚಿಕೊಂಡಿತ್ತು.

ತಲೆ ಬಾಲ ಕೂಡಿತ್ತು. ಒಂದು ಗಳಿಗೆ ಅವಳಿಗೂ ಯಗಟಿಯ ಚಿಕ್ಕಪ್ಪ ನೆನಪಾದ. ಗೋಡೆಗೆ ಒರಗಿ ಮತ್ತೊಮ್ಮೆ ನೋಡಿದಳು. ಗೆರೆಯ ಆಚೆ, ಅವಳದೇ ಚರ್ಮದ ಮೇಲೆ, ಒಂದು ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ. ಬೆರಳಿಟ್ಟು ಗೆರೆಯುದ್ದಕ್ಕೂ ಸವರಿದಳು. ಈಚೆ ತರಿತರಿ, ಆಚೆ ನುಣುಪು. ಹಾವಲ್ಲ ಇದು, ಅಂದುಕೊಂಡಳು. ಅಂದುಕೊಂಡಿದ್ದನ್ನು ಬಾಯಿಬಿಟ್ಟೂ ಹೇಳಿದಳು. ಆಮೇಲೆ ಫೋಟೋ ತೆಗೆದು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಕಳಿಸಿದಳು.

ಉತ್ತರ ಬರಲು ತಡವಾಗಲಿಲ್ಲ. ಇವತ್ತೇ ಹೊರಡಿ, ಹಾಸಿಗೆ ಹೇಳಿಟ್ಟಿದ್ದೇವೆ.

ಗಂಡನಿಗೆ ಫೋನ್ ಮಾಡಿದಳು. ಕಡೂರಿನ ಮಂಡಿಯ ಗದ್ದಲ ಕಿವಿಗೆ ಬಡಿಯಿತು.

"ಇವತ್ತೇನಾ? ಅರ್ಧ ಲೋಡು ಹಂಗೇ ಐತೆ ಕಣೇ. ನಾಳೆ ಬೆಳಗ್ಗೆ ಕಾರು ಮಾಡ್ಕೊಂಡು ಹೋಗಣ. ಅವ್ವನ್ನ ಕೇಳು."

"ಅತ್ತೇನ ಕೇಳಿದ್ದಾಯ್ತು. ನಾಳೆ ಅನ್ನಬಾರ್ದು ಅಂದಿದಾರೆ ರೀ, ನಾವು ಆಗ್ಲೇ ಒಂದು ನಾಳೆ ಕಳೆದಿದೀವಿ. ಮಧ್ಯಾಹ್ನದ ರೈಲಿಗೆ ಹತ್ತೀನಿ. ಕಡೂರಲ್ಲಿ ನೀವು ಹತ್ಕಳಿ. ಆಗ್ಲಿಲ್ಲ ಅಂದ್ರೆ ನಾನು ಮುಂದಕ್ಕೆ ಹೋಗಿರ್ತೀನಿ."

"ಒಬ್ಳೇನಾ? ತರೀಕೆರೆಗೆ ರಕ್ತ ಟೆಸ್ಟಿಗೆ ಹೋದ್ರೂ ಅವ್ವನ ಸೆರಗು ಬಿಡಲ್ಲ ನೀನು."

"ಹೂಂ. ಒಬ್ಳೇ."

ಹಿಂದೆ ಯಾರೋ ಕಾಯಿ ಎಣಿಸುತ್ತಿದ್ದ ದನಿ ಮಾತ್ರ ಕೇಳುತ್ತಿತ್ತು. "ಸರಿ, ರೈಲು ಹತ್ತು. ನೋಡ್ತೀನಿ," ಅಂದ.

ಚೀಲಕ್ಕೆ ಎರಡು ಸೀರೆ, ಮಾತ್ರೆಯ ಡಬ್ಬಿ ಹಾಕಿಕೊಂಡಳು. ಹೊಟ್ಟೆಗೆ ಆಸ್ಪತ್ರೆಯವರು ಕೊಟ್ಟ ಅಗಲದ ಬೆಲ್ಟು ಬಿಗಿಯಲೇಬೇಕು. ಅದನ್ನು ಒಬ್ಬಳೇ ಕಟ್ಟಿಕೊಳ್ಳುವುದು ಕಷ್ಟ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಗೋಡೆಗೆ ಬೆನ್ನು ಒತ್ತಿ ಹೇಗೋ ಕಟ್ಟಿಕೊಂಡಳು, ಓರೆಯಾಯಿತು. ಓರೆಯಾದರೆ ಆಗಲಿ ಎಂದು ಚೀಲ ತೆಗೆದುಕೊಂಡು ಹೊರಟಳು.

ಪ್ರೇಮಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಹೊಸ್ತಿಲು ದಾಟಬಾರದು ಅಂದ ಕಲ್ಲಮ್ಮನ ಮಾತು ಇಬ್ಬರಿಗೂ ನೆನಪಿತ್ತು.

"ದಾರಿ ಬಿಡಿ ಅತ್ತೆ."

"ಬೆಲ್ಟು ಓರೆ ಐತೆ."

"ಗೊತ್ತು."

"ಗೊತ್ತಿದ್ದೂ ಹಂಗೇ ಹೋಗ್ತೀಯಾ?"

"ಹೋಗ್ತೀನಿ."

ಪ್ರೇಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೆರಗು ಸರಿಸಿ, ಬೆಲ್ಟು ಬಿಚ್ಚಿ, ಮೊದಲಿಂದ ಕಟ್ಟತೊಡಗಿದಳು. ಕಟ್ಟುವಾಗ ಆ ಕೆಂಪು ಪಟ್ಟೆ ಕಣ್ಣಿಗೆ ಬಿತ್ತು. ಬೆರಳೊಂದನ್ನು ಹೊಲಿಗೆಯ ಆಚೆ ಇಟ್ಟು, ಈಚೆ ಇಟ್ಟು ನೋಡಿದಳು. ಬೆಲ್ಟು ಬಿಗಿದು ಒಳಗೆ ಹೋಗಿ, ಹೊರಗಿನ ಸೀರೆ ಉಟ್ಟುಕೊಂಡು, ಬೀಗ ಹಿಡಿದು ಬಂದಳು.

"ನಂಬಿ ಬತ್ತಿದೀನಿ ಅಂದ್ಕಬೇಡ. ಹಾವು ಅಂತ್ಲೇ ನಾನು ಅನ್ನೋದು. ರೈಲಲ್ಲಿ ಹೊಟ್ಟೆ ನೋವು ಬಂದ್ರೆ ನಿನ್ನ ಯಾರು ಹಿಡ್ಕಂತಾರೆ ಅಂತ ಬತ್ತಿದೀನಿ, ಅಷ್ಟೇಯ."

"ಬನ್ನಿ," ಅಂದಳು ಸೌಮ್ಯ. ಹಾಗಂದು ತಾನೇ ಮೊದಲು ಹೊಸ್ತಿಲು ದಾಟಿದಳು.

ರೈಲಿನಲ್ಲಿ ಕೂರಲು ಜಾಗವಿರಲಿಲ್ಲ. ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದವನಿಗೆ ಪ್ರೇಮಮ್ಮ ಏನೋ ಹೇಳುವುದರೊಳಗೆ ಸೌಮ್ಯಳೇ, "ಅಣ್ಣಾ, ಹೊಟ್ಟೆ ಆಪರೇಷನ್ ಆಗೈತೆ, ನಿಂತ್ಕಳಕ್ಕಾಗಲ್ಲ, ಏಳಿ" ಅಂದಳು. ಅವನು ಎದ್ದ. ಬೀರೂರು ದಾಟಿತು. ಕಡೂರಿನಲ್ಲಿ ರೈಲು ನಿಂತಾಗ ಅವಳು ಕಿಟಕಿಗೆ ಮುಖ ಇಟ್ಟು ನೋಡಲಿಲ್ಲ. ಬಂದರೆ ಬರುತ್ತಾನೆ, ಬರದಿದ್ದರೂ ರೈಲು ಹೋಗುತ್ತದೆ. ರೈಲು ಮೆಲ್ಲಗೆ ಹೊರಟ ಮೇಲೆ ಬಾಗಿಲ ಕಡೆಯಿಂದ ಜನರನ್ನು ತಳ್ಳಿಕೊಂಡು ರೇಣುಕಪ್ರಸಾದ್ ಬಂದ. ಅಂಗಿಯ ತುಂಬ ತೆಂಗಿನ ನಾರಿನ ಪುಡಿ.

"ಲೋಡು?" ಅಂದಳು ತಾಯಿ.

"ಬೇರೆಯೋರಿಗೆ ಒಪ್ಪಿಸ್ಬಂದೆ," ಅಂದವನು ಹೆಂಡತಿಯ ಮುಖ ನೋಡಿದ. "ನಿಜವಾಗ್ಲೂ ಹೋಗ್ಬಿಡ್ತಿದ್ಯಾ?"

"ಹೋಗ್ತಾ ಇದೀನಲ್ಲ."

ಆಸ್ಪತ್ರೆಯಲ್ಲಿ ಆ ಚರ್ಮದಿಂದ ಎಳ್ಳುಕಾಳಿನಷ್ಟು ತೆಗೆದರು, ಕೊಳವೆ ಇಳಿಸಿ ಕರುಳಿನಿಂದಲೂ ತುಣುಕು ತೆಗೆದರು. ಎರಡರದೂ ಒಂದೇ ಸುದ್ದಿ. ಮೈ ತಿರುಗಿಬಿದ್ದಿತ್ತು, ಚರ್ಮದಲ್ಲಿ ಜೋರಾಗಿ, ಕರುಳಿನಲ್ಲಿ ಈಗಷ್ಟೇ ಶುರುವಾಗಿ. ನರಕ್ಕೆ ಔಷಧಿ ಹರಿಸಿದರು. ಮೊದಲ ಎರಡು ದಿನ ಏನೂ ಬದಲಾಗಲಿಲ್ಲ. ಪ್ರೇಮಮ್ಮ ಬೆಂಚಿನ ಮೇಲೆ ಕೂತು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದಳು. ಸೌಮ್ಯ ಮಾತ್ರ ಕೊಟ್ಟಿದ್ದನ್ನು ನುಂಗುತ್ತಿದ್ದಳು, ಸೂಜಿ ಚುಚ್ಚಲು ಕೈ ಕೊಡುತ್ತಿದ್ದಳು. ಇನ್ನು ಎಷ್ಟು ದಿನ ಎಂದು ಯಾರನ್ನೂ ಕೇಳಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕೆಂಪು ಕಂದಿತು. ಮಾರನೆಯ ದಿನ ಪಟ್ಟೆ ಒಡೆದು ಮತ್ತೆ ಚುಕ್ಕಿಗಳಾದವು, ಆಮೇಲೆ ಅವೂ ಮಾಸಿದವು. ಹೊಟ್ಟೆ ಹಿಂಡುವುದು ನಿಂತು ಬಾಯಿಗೆ ಗಂಜಿಯ ರುಚಿ ಹತ್ತಿತು.

ಡಾಕ್ಟರು ಕಲಿಯುವ ಹುಡುಗ ಹುಡುಗಿಯರನ್ನು ಹಿಂದಿಟ್ಟುಕೊಂಡು ಬಂದು ಹೊದಿಕೆ ಸರಿಸಿ ನೋಡಿದರು. ಸೌಮ್ಯ ಮುಖ ಮುಚ್ಚಿಕೊಳ್ಳಲಿಲ್ಲ.

"ಇನ್ನೂ ತಡ ಮಾಡಿದ್ರೆ ಕರುಳು ತೆಗೀಬೇಕಾಗ್ತಿತ್ತು," ಅಂದರು. "ಇದನ್ನ ಮೊದಲು ನೋಡಿದ್ದು ಯಾರು?"

"ನಾನೇ ಕಣಪ್ಪ," ಅಂದಳು ಪ್ರೇಮಮ್ಮ ಕನ್ನಡಕ ಸರಿಮಾಡಿಕೊಂಡು. "ದಿನಾ ನೋಡೋದು ನಾನೇ."

ಗೋಡೆಗೆ ಒರಗಿದ್ದ ರೇಣುಕಪ್ರಸಾದ್ ಬಾಯಿ ತೆರೆದು, ಹೆಂಡತಿಯ ಕಣ್ಣು ನೋಡಿ ಮುಚ್ಚಿಕೊಂಡ.

"ಹೌದು ಸರ್, ನಮ್ಮತ್ತೆನೇ ನೋಡಿದ್ದು," ಅಂದಳು ಸೌಮ್ಯ. "ಮನೆಗೆ ಹೋದ್ಮೇಲೂ ಅವರೇ ನೋಡ್ತಾರೆ. ಏನು ಅಂತ ಹೇಳೋದು ಮಾತ್ರ ನಾನು. ಅದು ನನ್ನ ಹೊಟ್ಟೆ."

ಕಲಿಯುವ ಹುಡುಗಿಯೊಬ್ಬಳು ನಕ್ಕಳು. ಪ್ರೇಮಮ್ಮ ಅವಳ ಕಡೆ ಒಂದು ನೋಟ ಎಸೆದು, ಸೊಸೆಯ ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದಳು.

"ಬಾಯಿ ಬಂದೈತೆ ಇವಳಿಗೆ," ಅಂದಳು ಡಾಕ್ಟರಿಗೆ. "ಅದಕ್ಕೂ ಎಲ್ಲಿ ಮಾತ್ರೆ ಕೊಟ್ಬಿಡ್ತೀರೋ, ಬೇಡ, ಅದು ಹಿಂಗೇ ಇರ್ಲಿ."